ಪಡುವಣ ಕಿಂಡಿ

"ಟಾರ್ಚ್ ಆರಿಸು," ಎಂದೆ.

"ಆರಿಸಿದ್ರೆ ನಿಮ್ಮ ಮುಖಾನೂ ಕಾಣಲ್ಲ, ಮಿಸ್ ಓಡೀಲ್."

"ನನ್ನ ಮುಖ ನೋಡೋಕೆ ಹತ್ತಿ ಬಂದ್ಯಾ? ಆರಿಸು."

ಪೊಲೀಸ್ ಡೆಪ್ಯುಟಿ ಕೋರ್ವಿಲ್ ಆರಿಸಿದ. ಅವನ ಸೊಂಟದಿಂದ ಮೇಲಿನ ಭಾಗ ಅಟ್ಟದಲ್ಲಿತ್ತು, ಕೆಳಗಿನ ಭಾಗ ಇನ್ನೂ ಏಣಿಯ ಮೇಲೆ. ಅಟ್ಟ ಕತ್ತಲಾಯಿತು. ನಾನು ಮೊಣಕಾಲೂರಿ ಕುಳಿತಿದ್ದ ಬಾಯ್ಲರ್ ಗೂಡಿನಲ್ಲಿ ಮಾತ್ರ ಬೆಳಕಿತ್ತು. ಪಡುವಣ ಗೋಡೆಯ ಕಿಂಡಿಯ ಓರೆ ಹಲಗೆಗಳ ನಡುವಿನಿಂದ ಸಂಜೆಬಿಸಿಲು ನುಗ್ಗಿ, ಗೋಡೆಯ ಮೇಲೆ ಏಳು ಪಟ್ಟೆಗಳಾಗಿ ಬಿದ್ದಿತ್ತು.

ಬಿಸಿಲು ಇನ್ನು ಇಪ್ಪತ್ತು ನಿಮಿಷ ಇರುತ್ತಿತ್ತು, ಹೆಚ್ಚೆಂದರೆ. ನಾಳೆ ಮೋಡ ಎಂದು ರೇಡಿಯೋ ಹೇಳಿತ್ತು. ನಾಡಿದ್ದು ಸೋಮವಾರ.

ಸೋಮವಾರ ಹತ್ತು ಗಂಟೆಗೆ ವೈಲಿ ಮಥರ್ನ್‌ನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಈ ಮನೆಯ ಅಟ್ಟಕ್ಕೆ ಬಿಸಿ ತಡೆಯುವ ಫೋಮ್ ಹೊಡೆದವನು ಅವನು. ಈ ಮನೆಯ ಯಜಮಾನಿ, ಎಪ್ಪತ್ತೊಂಬತ್ತರ ಮಿಸ್ ಕ್ಲೋಥಿಲ್ಡ್ ರೋಬಿಶೋ, ಆರು ದಿನದ ಹಿಂದೆ ಹಾಸಿಗೆಯಲ್ಲೇ ಬಾಯ್ಲರಿನ ವಿಷಗಾಳಿ ಕುಡಿದು ಸತ್ತಿದ್ದರು. ಗೂಡಿನ ಕಿಂಡಿಗೆ ಒಂದು ಕಪ್ಪು ಚೀಲ ತುರುಕಿತ್ತು, ಚೀಲದ ತುಂಬ ವೈಲಿ ಕೊಯ್ದು ಬಿಸಾಡಿದ ಫೋಮಿನ ತುಂಡು. ಪೊಲೀಸರು ಅದನ್ನು ಕಿತ್ತು ಒಯ್ದಿದ್ದರು.

ಕೆಲಸ ನೋಡಿ ಒಪ್ಪಿಗೆಯ ಸಹಿ ಹಾಕಿದ ಇನ್‌ಸ್ಪೆಕ್ಟರ್ ನಾನು.

"ಇಲ್ಲಿ ಬಾ," ಎಂದೆ. "ಗೋಡೆ ನೋಡು. ಏನು ಕಾಣುತ್ತೆ?"

ಕೋರ್ವಿಲ್ ತೆವಳಿಕೊಂಡು ಬಂದ. "ಬಿಸಿಲಿನ ಪಟ್ಟೆ."

"ಅದು ಬಿಡು. ಅದರ ಪಕ್ಕದಲ್ಲಿ?"

ಅವನು ಕಣ್ಣು ಕಿರಿದು ಮಾಡಿದ. ಬೆಳಕು ಬಿದ್ದಿದ್ದು ಬಡಗಣ ಬದಿಯ ಫೋಮಿನ ಮೇಲೆ. ಅಲ್ಲಿ ಅದು ಮಜ್ಜಿಗೆಯ ಬಣ್ಣಕ್ಕೇ ಇತ್ತು. ತೆಂಕಣ ಬದಿಯಲ್ಲಿ, ನೆರಳಿನಲ್ಲಿ, ಫೋಮಿನ ಮೇಲೆ ಕಂದು ಬಣ್ಣದ ಏಳು ಗೆರೆಗಳಿದ್ದವು. ಸೀದ ರೊಟ್ಟಿಯ ಬಣ್ಣ. ನಾನು ಬೆರಳಾಡಿಸಿದೆ. ಗೆರೆಯ ಮೇಲೆ ಫೋಮ್ ಪುಡಿಯಾಗಿ ಉದುರಿತು, ಗೆರೆಗಳ ನಡುವೆ ಗಟ್ಟಿಯಾಗಿತ್ತು.

"ಯಾರೋ ಬಣ್ಣ ಹೊಡೆದಿದಾರೆ," ಎಂದ ಕೋರ್ವಿಲ್.

"ಸೂರ್ಯ ಹೊಡೆದಿದಾನೆ. ಈ ಫೋಮಿಗೆ ಬಿಸಿಲು ಆಗಲ್ಲ. ತಿಂಗಳುಗಟ್ಟಲೆ ಬಿದ್ರೆ ಹೀಗೆ ಸುಟ್ಟು ಪುಡಿಯಾಗುತ್ತೆ. ಬೇಸಿಗೇಲಿ ಸೂರ್ಯ ಎಲ್ಲಿ ಮುಳುಗ್ತಾನೆ?"

"ಪಶ್ಚಿಮದಲ್ಲಿ. ಅದನ್ನ ಶಾಲೇಲಿ ಕಲ್ತಿದೀನಿ."

"ಶಾಲೇಲಿ ಅಷ್ಟೇ ಹೇಳಿಕೊಡ್ತಾರೆ. ಬೇಸಿಗೇಲಿ ಉತ್ತರಕ್ಕೆ ವಾಲಿಕೊಂಡು ಮುಳುಗ್ತಾನೆ, ಬೆಳಕು ದಕ್ಷಿಣದ ಗೋಡೆಗೆ ಬೀಳುತ್ತೆ. ಈಗ ನವೆಂಬರ್. ದಕ್ಷಿಣಕ್ಕೆ ವಾಲಿದಾನೆ, ಬೆಳಕು ಉತ್ತರದ ಗೋಡೆಗೆ. ನನ್ನ ಗಂಡನ ಜೊತೆ ಹತ್ತೊಂಬತ್ತು ವರ್ಷ ಛಾವಣಿ ಕೆಲಸ ಮಾಡಿದೋಳು ನಾನು. ನೆರಳು ಎಲ್ಲಿ ಬೀಳುತ್ತೆ ಅಂತ ನೋಡಿಕೊಂಡೇ ಊಟಕ್ಕೆ ಕೂರ್ತಿದ್ವಿ."

ಅವನು ಗೆರೆ ನೋಡಿದ, ಕಿಂಡಿ ನೋಡಿದ, ಮತ್ತೆ ಗೆರೆ ನೋಡಿದ.

"ಅಂದ್ರೆ ಬೇಸಿಗೆ ಪೂರ್ತಿ ಈ ಕಿಂಡಿ ತೆಗೆದೇ ಇತ್ತು."

"ವೈಲಿ ಕೆಲಸ ಮುಗಿಸಿದ್ದು ಏಪ್ರಿಲ್‌ನಲ್ಲಿ. ನಾನು ಸಹಿ ಹಾಕಿದ್ದೂ ಏಪ್ರಿಲ್‌ನಲ್ಲಿ. ಅವತ್ತೇ ಅವನು ಚೀಲ ತುರುಕಿದ್ರೆ ಈ ಗೆರೆ ಎಲ್ಲಿಂದ ಬರುತ್ತೆ?"

ಕೋರ್ವಿಲ್ ಫೋಟೋ ತೆಗೆಯತೊಡಗಿದ. ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ. ಬಿಸಿಲು ಒಂದು ಬೆರಳಿನಷ್ಟು ಮೇಲೇರಿತ್ತು.

ವೈಲಿಯ ಮೇಲೆ ನನಗೆ ಪ್ರೀತಿಯೇನಿಲ್ಲ. ಈ ಒಂದೇ ಮನೆಯಲ್ಲಿ ಅವನ ಕೆಲಸವನ್ನು ಎರಡು ಸಲ ತಿರಸ್ಕರಿಸಿದ್ದೇನೆ. ಹಳೆಯ ಅಟ್ಟಗಳು ಸೂರಿನ ತೂತುಗಳಿಂದ ಉಸಿರಾಡುತ್ತಿದ್ದವು. ಈಗ ಛಾವಣಿಯ ಒಳಮೈಗೆ ಫೋಮ್ ಹೊಡೆದು ಎಲ್ಲವನ್ನೂ ಮುಚ್ಚುತ್ತಾರೆ. ಮನೆ ತಂಪಾಗಿರುತ್ತದೆ, ನಿಯಮವೂ ಒಪ್ಪುತ್ತದೆ, ಆದರೆ ಷರತ್ತುಗಳಿವೆ. ಅಂಥ ಅಟ್ಟದಲ್ಲಿ ಗ್ಯಾಸ್ ಉರಿಯುವ ಬಾಯ್ಲರ್ ಇದ್ದರೆ ಅದಕ್ಕೆ ಬೇರೆ ಗೂಡು ಕಟ್ಟಬೇಕು, ಗೂಡಿಗೆ ಹೊರಗಾಳಿಯ ಕಿಂಡಿ ಬಿಡಬೇಕು. ವೈಲಿ ಮೊದಲ ಸಲ ಗೂಡನ್ನೇ ಕಟ್ಟಿರಲಿಲ್ಲ. ಎರಡನೆಯ ಸಲ ಗೂಡಿನ ಬಾಗಿಲ ಸಂದಿಗೆ ರಬ್ಬರ್ ಹಾಕಿರಲಿಲ್ಲ.

"ಮಿಸ್ ಓಡೀಲ್, ನೀವು ಸ್ವರ್ಗಕ್ಕೆ ಹೋದ್ರೂ ಮೊದಲು ಬಾಗಿಲ ಸಂದಿ ಅಳೀತೀರಾ," ಎಂದಿದ್ದ.

"ಅಲ್ಲಿಗೆ ನೀನು ಫೋಮ್ ಹೊಡೆದಿದ್ರೆ ಖಂಡಿತ ಅಳೀತೀನಿ," ಎಂದಿದ್ದೆ.

ಮೂರನೆಯ ಸಲ ಎಲ್ಲ ಸರಿ ಮಾಡಿದ. ಕಸದ ಚೀಲವೊಂದನ್ನು ಮೂಲೆಯಲ್ಲಿ ಬಿಟ್ಟಿದ್ದ. 'ಚೀಲ ತೆಗೆಯಬೇಕು' ಎಂದು ಹಾಳೆಯ ಕೊನೆಯಲ್ಲಿ ಬರೆದು ಸಹಿ ಹಾಕಿದೆ. ತೆಗೆದನೇ ಎಂದು ಮತ್ತೆ ಹತ್ತಿ ನೋಡಲಿಲ್ಲ. ಈ ಆರು ದಿನವೂ ಆ ಚೀಲ ನನ್ನ ಕಣ್ಣಮುಂದಿದೆ.

ಜೇಬಿನಲ್ಲಿ ಫೋನ್ ಅದುರಿತು. ನಾರ್ಬರ್ಟ್ ಫಾಲ್ಗೂ, ನಮ್ಮ ಕಟ್ಟಡ ಇಲಾಖೆಯ ಮುಖ್ಯಸ್ಥರು. ನನ್ನ ಗಂಡ ಛಾವಣಿಯಿಂದ ಬಿದ್ದು ಹೋದ ವರ್ಷ ನನ್ನನ್ನು ಕರೆದು ಈ ಕೆಲಸ ಕೊಟ್ಟವರು ಅವರೇ.

"ಎಲ್ಲಿದೀಯ, ಮಗಾ?"

"ರೋಬಿಶೋ ಮನೆ ಅಟ್ಟದಲ್ಲಿ, ಸರ್."

"ಬೇಡ ಅಂದಿದ್ನಲ್ಲ. ನಿನ್ನ ಸಹಿ ಇರೋ ಜಾಗದಲ್ಲಿ ನೀನೇ ಕೈಯಾಡಿಸಿದ್ರೆ ಜನ ಏನಂತಾರೆ?"

"ಡೆಪ್ಯುಟಿ ಜೊತೇಲಿದಾನೆ. ನಾನು ಬರೀ ನೋಡ್ತಿದೀನಿ."

"ನಾನೇ ಬಂದು ನೋಡ್ತಿದ್ದೆ. ನನ್ನ ಮಂಡಿ ನಿಂಗೆ ಗೊತ್ತಲ್ಲ, ಅಟ್ಟ ಹತ್ತಿ ಆರು ವರ್ಷ ಆಯ್ತು. ಇಳಿದು ಮನೆಗೆ ಹೋಗು. ಗಂಜಿ ಕುಡಿದು ಮಲಗು. ಸೋಮವಾರ ನಾನು ನೋಡ್ಕೋತೀನಿ."

ಅವರ ದನಿಯಲ್ಲಿ ಯಾವಾಗಲೂ ಇರುವ ಅಕ್ಕರೆಯೇ ಇತ್ತು. "ಸರಿ ಸರ್," ಎಂದು ಇಟ್ಟೆ. ಇಳಿಯಲಿಲ್ಲ.

"ಏನಂತೆ?" ಕೋರ್ವಿಲ್ ಕೇಳಿದ.

"ಗಂಜಿ ಕುಡಿಬೇಕಂತೆ." ಬಾಯ್ಲರಿನ ಬುಡಕ್ಕೆ ಬಗ್ಗಿದೆ. ಅಲ್ಲಿ ಒಂದು ಲೈಟರ್ ಬಿದ್ದಿತ್ತು. ಒಲೆ ಹೊತ್ತಿಸುವ ಉದ್ದ ಮೂತಿಯದು. ಹಿಡಿಗೆ ಹಳದಿ ಟೇಪ್ ಸುತ್ತಿ, ಕಪ್ಪು ಶಾಯಿಯಲ್ಲಿ ಎರಡು ಅಕ್ಷರ ಬರೆದಿತ್ತು: ಡಿ. ಆರ್.

"ಇದನ್ನ ನಿಮ್ಮೋರು ನೋಡಿದ್ರಾ?"

"ನೋಡಿದ್ವಿ. ಮನೇಲಿ ಲೈಟರ್ ಇರಲ್ವಾ?"

"ಅಡುಗೆಮನೇಲಿರುತ್ತೆ. ಈ ಬಾಯ್ಲರ್ ಒಂದ್ಸಲ ಹೊತ್ತಿಸಿದ್ರೆ ವರ್ಷಗಟ್ಟಲೆ ಆರಲ್ಲ. ಇದು ಇಲ್ಲಿಗೆ ಬಂದಿದೆ ಅಂದ್ರೆ ಯಾರೋ ಇದನ್ನ ಆರಿಸಿದಾರೆ. ಆಮೇಲೆ ಇನ್ಯಾರೋ ಹೊತ್ತಿಸಿದಾರೆ."

ಕೆಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಸತ್ತ ಹೆಂಗಸಿನ ತಮ್ಮನ ಮಗ ಡಾರೆಲ್ ರೋಬಿಶೋ ಕಾಫಿ ಸೋಸುತ್ತಿದ್ದ.

*

ಡಾರೆಲ್ ಸಮುದ್ರದ ಎಣ್ಣೆ ಬಾವಿಯಲ್ಲಿ ದುಡಿಯುವವನು. ಹದಿನಾಲ್ಕು ದಿನ ನೀರಿನ ಮೇಲೆ, ಹದಿನಾಲ್ಕು ದಿನ ನೆಲದ ಮೇಲೆ. ನೆಲಕ್ಕೆ ಬಂದಾಗ ಅತ್ತೆಯ ಹಿತ್ತಿಲಿನ ಟ್ರೇಲರಿನಲ್ಲಿ ಮಲಗುತ್ತಿದ್ದ. ಆ ದೊಡ್ಡ ಮೈಯನ್ನು ಸಣ್ಣ ಕುರ್ಚಿಯಲ್ಲಿ ತುಂಬಿಕೊಂಡು ಕುಳಿತಿದ್ದ. ಮೂರು ಬಟ್ಟಲಿಗೆ ಕಾಫಿ ಬಗ್ಗಿಸಿದ.

ಈ ಊರಲ್ಲಿ ಕೊಟ್ಟ ಕಾಫಿ ಕುಡಿಯದೆ ಮಾತಾಡುವುದು ಸರಿಯಲ್ಲ. ಎರಡು ಗುಟುಕು ಕುಡಿದೆ. ಫ್ರಿಜ್ ಮೇಲೆ ಒಂದು ಹೊಸ ಡಬ್ಬಿ ಕಂಡಿತು. ವಿಷಗಾಳಿ ಬಂದರೆ ಕೂಗುವ ಅಲಾರಂ. ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ಯಾರೂ ಬಿಚ್ಚಿರಲಿಲ್ಲ. ಆದರೆ ಮನೆಯ ಕೊನೆಯ ಮಂಜೂರಾತಿ ಹಾಳೆಯಲ್ಲಿ 'ಅಲಾರಂ ಹಾಕಿದೆ, ಪರೀಕ್ಷಿಸಿದೆ' ಎಂದು ಗುರುತು ಬಿದ್ದದ್ದನ್ನು ನಾನು ಬೆಳಗ್ಗೆಯಷ್ಟೇ ನೋಡಿದ್ದೆ. ಆ ಹಾಳೆ ನನ್ನದಲ್ಲ. ನನ್ನದು ಏಪ್ರಿಲ್‌ನ ಫೋಮಿನ ಹಾಳೆ.

ಲೈಟರನ್ನು ಮೇಜಿನ ಮೇಲಿಟ್ಟೆ.

"ಅಟ್ಟ ಹತ್ತೇ ಇಲ್ಲ ಅಂದಿದ್ಯಂತೆ ಪೊಲೀಸರ ಹತ್ರ."

ಡಾರೆಲ್ ಲೈಟರನ್ನೇ ನೋಡಿದ.

"ಇನ್ಯಾರಾದ್ರೂ ಡಿ. ಆರ್. ಇದಾರಾ ಈ ಮನೇಲಿ?"

"ಬಾವೀಲಿ ಎಲ್ಲಾ ಸಾಮಾನಿಗೂ ಹೆಸರು ಬರೀತೀವಿ," ಎಂದ. "ಇಲ್ದಿದ್ರೆ ಕದೀತಾರೆ."

"ನಾನು ಅದನ್ನ ಕೇಳ್ಲಿಲ್ಲ."

"ವೈಲೀನ ಒಳಗೆ ಹಾಕಿದ್ದು ಸಾಲ್ದು, ನನ್ನೂ ಹಾಕಿ, ಸರಿನಾ?" ಎಂದು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ನಿಮ್ಮ ಸಹಿ ಉಳಿಸ್ಕೊಳ್ಳೋಕೆ ನಾನು ಬೇಕಾ? ಇಡೀ ಊರಿಗೇ ಗೊತ್ತು, ನೀವು ಅಟ್ಟ ಹತ್ತದೇ ಸಹಿ ಹಾಕಿದ್ರಿ ಅಂತ!"

ಕೋರ್ವಿಲ್ ಒಂದು ಹೆಜ್ಜೆ ಮುಂದೆ ಬಂದ. ನಾನು ಕೈಸನ್ನೆಯಲ್ಲೇ ತಡೆದೆ.

"ಡಾರೆಲ್, ಕುರ್ಚಿ ಎತ್ತಿ ಕೂತ್ಕೋ. ಅದು ನಿಮ್ಮತ್ತೆ ಕುರ್ಚಿ."

ಅವನು ಕುರ್ಚಿ ಎತ್ತಿದ. ಕೂರಲು ಹೋಗಿ, ಕೂರದೆ, ಅದರ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೋದ ಶನಿವಾರ ಬಂದೆ ನಾನು," ಎಂದ. ದನಿ ಇಳಿದಿತ್ತು. "ನಮ್ಮತ್ತೆ, ತಾಂತ್ ಕ್ಲೋ, ಅಂದ್ರು, ಎರಡು ದಿನದಿಂದ ನಲ್ಲೀಲಿ ಬಿಸಿನೀರಿಲ್ಲ ಕಣೋ, ಮೂಳೆ ನೋಯ್ತಿದೆ ಅಂತ. ಹತ್ತಿ ಹೋದೆ. ಬೆಳಕಿರ್ಲಿಲ್ಲ. ಕೈ ಹಾಕಿ ಗುಂಡಿ ತಿರುಗಿಸ್ದೆ, ಹೊತ್ತಿಸ್ದೆ. ಬಂದೆ. ಅಷ್ಟೇ. ಅವರು ಸ್ನಾನ ಮಾಡ್ಕೊಂಡು ನಂಗೆ ಎರಡು ಸಲ ಮುತ್ತು ಕೊಟ್ರು."

ಮರುದಿನ ಭಾನುವಾರ, ಅವರು ಸತ್ತ ರಾತ್ರಿ, ಈ ವರ್ಷದ ಮೊದಲ ಚಳಿ ಬಿದ್ದಿತ್ತು. ಊರೆಲ್ಲ ಕಿಟಕಿ ಮುಚ್ಚಿಕೊಂಡು ಮಲಗಿತ್ತು.

"ಬೆಳಕಿರ್ಲಿಲ್ಲ," ಎಂದೆ. "ಎಷ್ಟು ಹೊತ್ತಿಗೆ ಹತ್ತಿದ್ದು?"

"ನಾಲ್ಕು ಗಂಟೆಗೆ."

ನಾಲ್ಕು ಗಂಟೆಗೆ ಪಡುವಣ ಕಿಂಡಿಯಿಂದ ಬಿಸಿಲು ಬರಬೇಕು. ಬಂದಿರಲಿಲ್ಲ. ಚೀಲ ಆಗಲೇ ಅಲ್ಲಿತ್ತು. ಕೋರ್ವಿಲ್ ನನ್ನನ್ನು ನೋಡಿದ. ಅವನಿಗೂ ಹೊಳೆದಿತ್ತು.

ಡಾರೆಲ್ ಕೇಳಿದ, "ನಾನೇ ಕೊಂದ್ನಾ, ಮಿಸ್ ಓಡೀಲ್?"

ಇಂಥದಕ್ಕೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. "ನೀನು ಅವರಿಗೆ ಬಿಸಿನೀರು ಕೊಟ್ಟೆ," ಎಂದೆ. "ಗಾಳಿ ನಿಲ್ಲಿಸಿದೋರು ಬೇರೆ. ಅವರನ್ನ ಹುಡುಕೋಕೆ ನೀನು ಸಹಾಯ ಮಾಡ್ಬೇಕು. ಬಿಸಿನೀರು ನಿಂತಿದ್ದು ಯಾವತ್ತಿಂದ?"

"ಗುರುವಾರದಿಂದ. ಟೆಸ್ಟ್ ಮಾಡೋನು ಬಂದು ಹೋದ ಮೇಲೆ."

"ಯಾವ ಟೆಸ್ಟು?"

"ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ದೊಡ್ಡ ಫ್ಯಾನ್ ಇಟ್ಟು, ಮನೆಯಿಂದ ಗಾಳಿ ಎಷ್ಟು ಸೋರುತ್ತೆ ಅಂತ ನೋಡ್ತಾರಂತಲ್ಲ, ಅದು. ನಾನಿರ್ಲಿಲ್ಲ. ತಾಂತ್ ಕ್ಲೋ ಫೋನಲ್ಲಿ ಹೇಳಿ ಇಟ್ಟಿದ್ರು." ಜೇಬಿನಿಂದ ಫೋನ್ ತೆಗೆದ. "ನಾನು ಅಳಿಸಿಲ್ಲ. ಆದ್ರೆ ಕೇಳೋಕೂ ಆಗ್ತಿಲ್ಲ."

"ನೀನು ಹೊರಗೆ ಹೋಗು ಬೇಕಾದ್ರೆ."

ಅವನು ಹೋಗಲಿಲ್ಲ. ಗುಂಡಿ ಒತ್ತಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟ. ಸತ್ತವರ ದನಿ ಅಡುಗೆಮನೆಗೆ ಬಂತು. ನಗುತ್ತಿದ್ದರು.

"ಡಾರೆಲ್, ಕಂದ, ಊಟ ಮಾಡಿದ್ಯಾ? ಇವತ್ತು ಆ ಫ್ಯಾನಿನೋನು ಬಂದಿದ್ದ ಕಣೋ. ನನ್ನ ಈ ಪೊರೆಗಣ್ಣಿಗೆ ಬರೀ ಬಿಳೀ ಅಂಗಿ ಕಾಣ್ತು, ಮುಖ ಗೊತ್ತಾಗ್ಲಿಲ್ಲ. ಕಾಫಿ ಕೊಟ್ರೆ ಬೇಡ ಅಂದ, ಎಂಥಾ ಮನುಷ್ಯ! ಅಟ್ಟದ ಏಣಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ 'ಓ ದೇವರೇ, ಓ ದೇವರೇ' ಅಂತಿದ್ದ. ನಾನು ಕೆಳಗೆ ಕೂತು ಎಣಿಸ್ದೆ, ಒಂಬತ್ತು ಸಲ. ಪಾದ್ರಿ ಪೂಜೇಲೂ ಅಷ್ಟು ಸಲ ಕರೆಯಲ್ಲ. ಆಮೇಲೆ ಗಾಡಿ ಕೀಲಿ ಕಳ್ಕೊಂಡ. ಮನೆಯೆಲ್ಲ ಹುಡುಕಿದ, ನನ್ನ ಹೊಲಿಗೆ ಡಬ್ಬೀನೂ ಬಿಡ್ಲಿಲ್ಲ. ಒಂದು ಗಂಟೆ ಆದ್ಮೇಲೆ ಹೋಗಿ ಗಾಡಿ ಬಂಪರ್ ಅಡಿಯಿಂದ ಇನ್ನೊಂದು ಕೀಲಿ ತೆಗೆದು ಹೊರಟೋದ. ಅಷ್ಟೊತ್ತಿಂದ ಯಾಕೆ ಒದ್ದಾಡ್ದ ಅಂತ! ಸರಿ, ಶನಿವಾರ ಬರ್ತಾ ಸೀಗಡಿ ತಗೊಂಬಾ..."

ಡಾರೆಲ್ ಮುಖ ಮುಚ್ಚಿಕೊಂಡ. ನಾನು ಎದ್ದು ನಿಂತಿದ್ದೆ.

"ಏನು?" ಎಂದ ಕೋರ್ವಿಲ್.

"ಆ ಟೆಸ್ಟ್ ಮಾಡೋರ ಅಭ್ಯಾಸ ಗೊತ್ತಾ ನಿಂಗೆ? ಫ್ಯಾನ್ ಹಾಕೋಕೆ ಮುಂಚೆ ಬಾಯ್ಲರ್ ಆರಿಸ್ತಾರೆ, ಗಾಳಿ ಸೋರದ ಹಾಗೆ ಗೂಡಿನ ಕಿಂಡಿ ಮುಚ್ತಾರೆ. ಗಾಡಿ ಕೀಲೀನ ಅದರ ಗುಂಡಿಗೆ ನೇತುಹಾಕ್ತಾರೆ. ಮುಗಿದ ಮೇಲೆ ಕೀಲಿ ತಗೊಳ್ಳೋಕೆ ಬಾಯ್ಲರ್ ಹತ್ರ ಹೋಗ್ಲೇಬೇಕು. ಆಗ ನೆನಪಾಗುತ್ತೆ, ಮತ್ತೆ ಹೊತ್ತಿಸ್ತಾರೆ. ಮುಚ್ಚಿದ್ದನ್ನ ತೆಗೀತಾರೆ. ಮರೆತು ಮನೆಗೆ ಹೋಗೋ ಹಾಗೇ ಇಲ್ಲ."

"ಬಂಪರ್ ಅಡಿ ಇನ್ನೊಂದು ಕೀಲಿ ಇಲ್ದಿದ್ರೆ."

"ಇಲ್ದಿದ್ರೆ," ಎಂದೆ. "ದಿನಾ ಇದೇ ಕೆಲಸ ಮಾಡೋನು ಕೀಲಿ ಎಲ್ಲಿ ಅಂತ ಹುಡುಕಲ್ಲ. ಯಾವತ್ತೋ ಕಲಿತು ಬಿಟ್ಟೋನು ಹುಡುಕ್ತಾನೆ. ಈ ಮನೆ ಕಡತದ ಟೆಸ್ಟ್ ಹಾಳೇಲಿ ಒಂದು ಕಂಪನಿ ಹೆಸರಿದ್ಯಲ್ಲ, ಅವರು ಏನಂದ್ರು?"

"ಎರಡು ದಿನದಿಂದ ಫೋನೇ ಎತ್ತುತ್ತಿಲ್ಲ."

"ಡಾರೆಲ್ ಹೇಳಿದ್ದೆಲ್ಲ ಬರಕೋ. ಆ ದನೀನೂ ಇಟ್ಕೋ. ನಾನು ಮೇಲೆ ಹೋಗ್ತೀನಿ."

*

ಬಿಸಿಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಕೆಂಪಗೆ, ಗೋಡೆಯ ನೆತ್ತಿಯಲ್ಲಿ ಅಂಟಿಕೊಂಡಿತ್ತು.

ಗುಂಡಿಯ ಮೇಲೆ ಕೀಲಿ ಇರಲಿಲ್ಲ. ಇದ್ದಿದ್ದರೆ ಪೊಲೀಸರಿಗೇ ಸಿಗುತ್ತಿತ್ತು. ಆದರೆ ಡಾರೆಲ್ ಕತ್ತಲಲ್ಲಿ ತಡಕಾಡಿ ಗುಂಡಿ ತಿರುಗಿಸಿದ್ದ. ತಿರುಗಿಸಿದಾಗ ಕೀಲಿ ಜಾರಿದ್ದರೆ? ಬಾಯ್ಲರಿನ ಕೆಳಗೆ, ನೀರು ಸೋರಿದರೆ ಹಿಡಿಯಲು, ಅಗಲವಾದ ತಗಡಿನ ತಟ್ಟೆಯಿದೆ. ತಟ್ಟೆಗೂ ಬಾಯ್ಲರಿಗೂ ನಡುವೆ ಎರಡು ಬೆರಳು ಜಾಗ.

ಫೋಮಿನಡಿ ಮೊಳೆ ಹುಡುಕಲು ನಾನು ಇಟ್ಟುಕೊಳ್ಳುವ ಕಡ್ಡಿಯೊಂದಿದೆ, ತುದಿಗೆ ಅಯಸ್ಕಾಂತ. ಅದನ್ನು ಉದ್ದ ಮಾಡಿ ಸಂದಿಯಲ್ಲಿ ತೂರಿಸಿದೆ. ಒಂದು ಮೊಳೆ ಬಂತು. ಒಂದು ತುಕ್ಕು ಹಿಡಿದ ವಾಷರ್ ಬಂತು. ಮೂರನೆಯ ಸಲ, ಹಿಂಬದಿಗೆ, ಭುಜದವರೆಗೆ ಕೈ ಚಾಚಿದೆ.

ಟಿಕ್ ಎಂದಿತು.

ನಿಧಾನವಾಗಿ ಎಳೆದೆ. ಕಡ್ಡಿಯ ತುದಿಗೆ ಒಂದು ಉಕ್ಕಿನ ಬಳೆ ಅಂಟಿತ್ತು. ಬಳೆಯಲ್ಲಿ ಗಾಡಿಯ ಕೀಲಿ. ಕೀಲಿಯ ಜೊತೆ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆಯ ಮೇಲೆ ಕೆಂಪು ಉಗುರು ಬಣ್ಣದಲ್ಲಿ ಬರೆದ ಅಂಕಿ: ಎರಡು. ಬಾಲ ಸ್ವಲ್ಪ ಉದ್ದವಾಗಿ, ಕೊನೆಯಲ್ಲಿ ಕೈ ಜಾರಿದ ಒಂದು ಚುಕ್ಕಿ.

ಜಾರಿದ್ದು ನನ್ನ ಕೈ. ಬಣ್ಣವೂ ನನ್ನದು. ನಮ್ಮ ಕಚೇರಿಯಲ್ಲಿ ಇರುವುದು ಎರಡೇ ಟ್ರಕ್. ಒಂದನೆಯದು ನನ್ನದು. ಹೋದ ವರ್ಷ ನಾನು ಕೀಲಿಯನ್ನು ಒಳಗೇ ಬಿಟ್ಟು ಮಳೆಯಲ್ಲಿ ನೆನೆದ ಮೇಲೆ, ಎರಡೂ ಗಾಡಿಗಳಿಗೆ ಅಯಸ್ಕಾಂತದ ಡಬ್ಬಿ ತಂದು, ಒಂದೊಂದು ಹೆಚ್ಚಿನ ಕೀಲಿ ಹಾಕಿ, ಬಂಪರ್ ಅಡಿಗೆ ಅಂಟಿಸಿದ್ದೆ. ಒಂದೂವರೆ ಗಂಟೆ ಕೆಲಸ. ಎರಡನೆಯ ಗಾಡಿಯವರು ನಗುತ್ತಾ, "ನನ್ನ ಮರೆವಿಗೆ ಇದೇ ಮದ್ದು, ಮಗಾ," ಎಂದಿದ್ದರು.

ಆ ಪರೀಕ್ಷೆಯನ್ನು ನಮ್ಮ ಕಚೇರಿಯವರು ಮಾಡುವಂತೆಯೇ ಇಲ್ಲ. ಮಂಜೂರಾತಿ ಕೊಡುವವರೇ ಪರೀಕ್ಷೆ ಮಾಡಬಾರದು, ಹೊರಗಿನ ಕಂಪನಿಯೇ ಬರಬೇಕು; ಟೆಸ್ಟ್ ಹಾಳೆಯ ಮೇಲಿದ್ದದ್ದೂ ಕಂಪನಿಯ ಹೆಸರೇ. ಹಾಗಿದ್ದರೆ ನಮ್ಮ ಎರಡನೆಯ ಟ್ರಕ್ ಆ ಗುರುವಾರ ಈ ಮನೆಯ ಮುಂದೆ ಏಕೆ ನಿಂತಿತ್ತು?

ಕೀಲಿಯನ್ನು ಅಂಗೈಯಲ್ಲಿ ಮುಚ್ಚಿದೆ. ಇದು ವೈಲಿಯನ್ನು ಬಿಡಿಸುವ ಕೀಲಿ. ಕೋರ್ವಿಲ್‌ಗೆ ಕೂಗಿ ಹೇಳಬೇಕು. ಕೂಗಲಿಲ್ಲ. ಗಂಡ ಹೋದ ಮೇಲೆ ಆ ಮನುಷ್ಯ ನನ್ನ ಅಡುಗೆಮನೆಯಲ್ಲಿ ಕುಳಿತು, ಕಾಫಿ ಬೇಡ ಎಂದು ನೀರು ಕುಡಿದು, ಕೆಲಸದ ಕಾಗದ ಮೇಜಿನ ಮೇಲಿಟ್ಟು ಹೋದ ದಿನ ಕಣ್ಣಿಗೆ ಕಟ್ಟಿತು.

ಕಾಫಿ ಬೇಡ ಎಂದಿದ್ದರು.

ಹೊರಗೆ, ಅಂಗಳಕ್ಕೆ ಹಾಸಿದ ಕಪ್ಪೆಚಿಪ್ಪುಗಳ ಮೇಲೆ ಟೈರುಗಳು ಕರಕರ ಎಂದವು. ಓರೆ ಹಲಗೆಗಳ ನಡುವಿನಿಂದ ಇಣುಕಿದೆ. ಬಿಳಿಯ ಟ್ರಕ್. ಬಾಗಿಲು ತೆರೆಯಿತು, ಮುಚ್ಚಿತು.

ಕೆಳಗೆ ಅಡುಗೆಮನೆಯಲ್ಲಿ ಮಾತು ನಿಂತಿತು. ಪರಿಚಿತ ದನಿ ಕೇಳಿತು. "ಏಳ್ಬೇಡ ಡೆಪ್ಯುಟಿ, ಕೂತಿರು, ನೀನು ಬರಕೋ. ಓಡೀಲ್ ಇನ್ನೂ ಮೇಲಿದ್ದಾಳಾ?" ಆಮೇಲೆ ಏಣಿಯ ಬುಡದಿಂದ, ಅದೇ ಅಕ್ಕರೆಯಲ್ಲಿ, "ಇಳೀಬೇಡ ಮಗಾ, ಅಲ್ಲೇ ಇರು. ನಾನೇ ಬರ್ತೀನಿ."

ಬಿಸಿಲಿನ ಕೊನೆಯ ಪಟ್ಟೆ ಗೋಡೆಯಿಂದ ಜಾರಿ ಹೋಯಿತು. ಏಣಿಯ ಮೊದಲ ಮೆಟ್ಟಿಲು ಕಿರುಗುಟ್ಟಿತು.

"ಓ ದೇವರೇ," ಎಂದಿತು ಕೆಳಗಿನ ದನಿ.

ಎರಡನೆಯ ಮೆಟ್ಟಿಲು.

"ಓ ದೇವರೇ."

ನಾನು ಎಣಿಸತೊಡಗಿದೆ.